ನನ್ನ ಕಡಲು ಮಾಂದಲ್‌ಪಟ್ಟಿ ಆಗಿತ್ತು

ನನ್ನ ಮಟ್ಟಿಗೆ ಚೆನ್ನಾಗಿ ಬಂದಿದ್ದ ಮೊದಲ ಕಡಲಿನ ಫೋಟೊವನ್ನು ದೊಡ್ಡಮ್ಮನಿಗೆ ತೋರಿಸಿದೆ. ಕನ್ನಡಕ ಮೇಲೇರಿಸಿ ನೋಡಿದರು. "ಮಂಜು ಚೆನ್ನಾಗಿ ಬಂದಿದೆ. ಮಾಂದಲ್‌ಪಟ್ಟಿಗೆ ಯಾವಾಗ ಹೋಗಿದ್ದೆ?" ಅಂದರು.

ಮಾಂದಲ್‌ಪಟ್ಟಿ ಅಂದರೆ ನಮ್ಮ ಮಡಿಕೇರಿ ಹತ್ತಿರದ, ಮಂಜಿಗೆ ಹೆಸರಾದ ಬೆಟ್ಟ. ಫೋಟೊದಲ್ಲಿದ್ದದ್ದು ಉಳ್ಳಾಲದ ಹತ್ತಿರದ ಸೋಮೇಶ್ವರದ ಕಡಲು. ಹತ್ತು ಸ್ಟಾಪಿನ ಎನ್‌ಡಿ ಫಿಲ್ಟರ್, ಅಂದರೆ ಬೆಳಕು ತಡೆಯುವ ಕಪ್ಪು ಗಾಜು, ಹೊಸದಾಗಿ ಕೊಂಡಿದ್ದೆ. ಒಂದೊಂದು ಸ್ಟಾಪಿಗೂ ಬೆಳಕು ಅರ್ಧಕ್ಕೆ ಇಳಿಯುತ್ತದೆ. ಅದನ್ನು ಲೆನ್ಸಿನ ಮುಂದೆ ಹಾಕಿದರೆ ಒಳಗೆ ಬರುವ ಬೆಳಕು ಸಾವಿರದಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಸೆಕೆಂಡಿನ 8ನೇ ಒಂದು ಭಾಗ ಸಾಕಾಗಿದ್ದ ಕಡೆ ಎರಡು ನಿಮಿಷ ಶಟರ್ ತೆರೆದಿಡಬೇಕು. ಅಷ್ಟು ಹೊತ್ತಿನಲ್ಲಿ ಹತ್ತಾರು ಅಲೆಗಳು ಬಂದು ಹೋಗುತ್ತವೆ, ಎಲ್ಲ ಸೇರಿ ಬಿಳಿ ಹೊಗೆಯಾಗುತ್ತದೆ. ಬಂಡೆಗಳು ಆ ಹೊಗೆಯಿಂದ ತಲೆ ಎತ್ತಿದ ಬೆಟ್ಟಗಳ ಹಾಗೆ ಕಾಣುತ್ತವೆ. ದೊಡ್ಡಮ್ಮ ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಮಡಿಕೇರಿಯಲ್ಲಿ ಬೆಳಿಗ್ಗೆ ಎದ್ದರೆ ಪುಕ್ಕಟೆ ಸಿಗುವ ಚಿತ್ರಕ್ಕೆ ನಾನು ಘಾಟಿ ಇಳಿದು ಹೋಗಿದ್ದೆ!

ಮುಂದಿನ ಸಲ ಆ ಫಿಲ್ಟರನ್ನು ಮನೆಯಲ್ಲೇ ಬಿಟ್ಟೆ, ಆರು ಸ್ಟಾಪಿನದ್ದು ತೆಗೆದುಕೊಂಡು ಹೋದೆ. ಸಂಜೆ ಎಫ್ 11 (ಲೆನ್ಸಿನ ಕಿಂಡಿಯ ಅಳತೆ), ಐಎಸ್‌ಒ 100ರಲ್ಲಿ (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ) ಸೆಕೆಂಡಿನ 125ನೇ ಒಂದು ಭಾಗ ಬರುತ್ತಿದ್ದರೆ, ಇದನ್ನು ಹಾಕಿದಾಗ ಅರ್ಧ ಸೆಕೆಂಡ್ ಸಿಗುತ್ತದೆ. ಅರ್ಧ ಸೆಕೆಂಡಿನಲ್ಲಿ ನೀರು ಗೆರೆ ಗೆರೆಯಾಗಿ ಬರುತ್ತದೆ. ಎಲ್ಲಿಂದ ಬಂತು, ಯಾವ ಬಂಡೆ ಸುತ್ತಿ ಎಲ್ಲಿಗೆ ಹೋಯಿತು ಅಂತ ನೋಡಿದವರಿಗೆ ಗೊತ್ತಾಗುತ್ತದೆ. ಇನ್ನೊಂದು ವಿಷಯ ಕಲಿಯಲು ಮೂರು ಪ್ರಯಾಣ ಬೇಕಾಯಿತು. ಅಲೆ ಬಂದು ಹೊಡೆಯುವಾಗ ಶಟರ್ ಬಟನ್ ಒತ್ತಬಾರದು. ಹೊಡೆದು, ಹಿಂದಕ್ಕೆ ಜಾರಲು ಶುರುವಾದಾಗ ಒತ್ತಬೇಕು. ಆಗ ನೊರೆ ನನ್ನ ಕಾಲ ಬಳಿಯಿಂದ ಕಡಲಿನ ಕಡೆಗೆ ಓಡುತ್ತದೆ, ನೋಡುವವರ ಕಣ್ಣೂ ಅದರ ಹಿಂದೆಯೇ ಹೋಗುತ್ತದೆ.

ಕಂಪೋಸಿಷನ್, ಅಂದರೆ ಚಿತ್ರದಲ್ಲಿ ಯಾವುದು ಎಲ್ಲಿರಬೇಕು ಅನ್ನುವ ವಿಷಯದಲ್ಲಿ ನಮ್ಮಂಥ ಬೆಟ್ಟದವರಿಗೆ ಒಂದು ಕೆಟ್ಟ ಅಭ್ಯಾಸ ಇದೆ. ಮಡಿಕೇರಿಯ ರಾಜಾಸೀಟಿನಲ್ಲಿ ನಿಂತು ಕ್ಯಾಮೆರಾ ಎತ್ತಿದರೆ ಸಾಕು. ಹತ್ತಿರದ ಗುಡ್ಡ ಕಪ್ಪು, ಅದರಾಚೆಯದು ನೀಲಿ, ಇನ್ನೂ ಆಚೆಯದು ಬೂದಿ. ಆಳ ತಾನಾಗಿಯೇ ಬರುತ್ತದೆ. ಕಡಲಿನಲ್ಲಿ ಅದೇನೂ ಇಲ್ಲ. ಮೇಲೆ ಆಕಾಶ, ಕೆಳಗೆ ನೀರು, ನಡುವೆ ಒಂದು ಗೆರೆ. ಕಣ್ಣಿಗೆ ಎಷ್ಟೋ ದೊಡ್ಡದಾಗಿ ಕಂಡದ್ದು ಫೋಟೊದಲ್ಲಿ ಎರಡು ಬಣ್ಣದ ಬಟ್ಟೆ ಒಣಗಲು ಹಾಕಿದ ಹಾಗೆ ಬರುತ್ತದೆ. ಹಾಗಾಗಿ ಮುಂದೆ ಏನಾದರೂ ಬೇಕೇ ಬೇಕು: ಪಾಚಿ ಹಿಡಿದ ಬಂಡೆ, ಮರಳಿನಲ್ಲಿ ನೀರು ಕೊರೆದ ಸಣ್ಣ ಕಾಲುವೆ, ಒಂದು ಹಗ್ಗದ ತುಂಡಾದರೂ ಸರಿ. ಕಾಪುವಿನಲ್ಲಿ 1901ರ ದೀಪಸ್ತಂಭವೇ ಇದೆ, ಅಲ್ಲಿ ಕೆಲಸ ಸುಲಭ. ಅದಕ್ಕೇ ಎಲ್ಲರ ಫೋಟೊವೂ ಒಂದೇ ಥರ ಇರುತ್ತದೆ ಅನ್ನುವುದು ಬೇರೆ ಮಾತು.

ಕ್ಯಾಮೆರಾವನ್ನು ಮೊಣಕಾಲಿನ ಎತ್ತರಕ್ಕೆ ಇಳಿಸಿ, ಅಗಲದ ಲೆನ್ಸಿನಲ್ಲಿ ಆ ಬಂಡೆಯ ಹತ್ತಿರ ಹೋಗುತ್ತೇನೆ. ಆದರೆ ತೀರಾ ಕೆಳಗೆ ಇಳಿದರೆ ಬಂಡೆಯ ತುದಿ ದಿಗಂತದ ಗೆರೆಯನ್ನು ಕತ್ತರಿಸುತ್ತದೆ. ಎರಡರ ನಡುವೆ ಒಂದು ಪಟ್ಟಿಯಷ್ಟು ನೀರು ಕಾಣುವ ಹಾಗೆ ಎತ್ತರ ನೋಡಿಕೊಳ್ಳುತ್ತೇನೆ.

ಉಬ್ಬರ ಇಳಿತದ ಸಮಯ ನೋಡದೆ ಹೊರಟು ಒಮ್ಮೆ ಪೆಟ್ಟು ತಿಂದೆ. ನಾನು ಬಯಸಿದ್ದ ಬಂಡೆಗಳು ಪೂರ್ತಿ ಮುಳುಗಿದ್ದವು. ಉಬ್ಬರ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಅಂದರೆ ಈ ಭಾನುವಾರ ಸಂಜೆ ಆರಕ್ಕೆ ಕಡಲು ತುಂಬಿದ್ದರೆ, ಮುಂದಿನ ಭಾನುವಾರ ಅದೇ ಹೊತ್ತಿಗೆ ಹೆಚ್ಚುಕಡಿಮೆ ಇಳಿದಿರುತ್ತದೆ. ಈಗ ನೀರು ಇಳಿಯುತ್ತಿರುವ ಸಂಜೆಯನ್ನೇ ಆರಿಸುತ್ತೇನೆ. ಬಂಡೆ ಒದ್ದೆ ಇರುತ್ತದೆ, ಆಕಾಶದ ಬಣ್ಣ ಅದರ ಮೇಲೆ ಕೂರುತ್ತದೆ. ಹಿಂದಿನಿಂದ ನೀರು ಸುತ್ತುವರಿಯುವ ಭಯವೂ ಕಡಿಮೆ. ಹಾಗಿದ್ದರೂ ಹತ್ತು ನಿಮಿಷ ಬ್ಯಾಗ್ ಬಿಚ್ಚದೆ ಸುಮ್ನೆ ನಿಂತು ಅಲೆ ನೋಡುತ್ತೇನೆ. ಸಣ್ಣವು ಬರುತ್ತಿರುವಾಗಲೇ ನಡುವೆ ಒಂದು ದೊಡ್ಡದು ಬಂದುಬಿಡಬಹುದು. ಸೋಮೇಶ್ವರದ ಬಂಡೆಗಳ ತುದಿಗೆ ಹೋಗುವ ಸಾಹಸ ಬೇಡವೇ ಬೇಡ. ಮರಳಿನಲ್ಲಿ ನಿಂತರೆ ಟ್ರೈಪಾಡಿನ ಕಾಲುಗಳನ್ನು ಮೊದಲೇ ಒತ್ತಿ ಹೂತುಬಿಡಬೇಕು. ಇಲ್ಲದಿದ್ದರೆ ಪ್ರತಿ ಅಲೆಗೂ ಅದು ಚೂರು ಚೂರೇ ಕುಸಿಯುತ್ತದೆ, ಫೋಟೊ ಅಲುಗಿದ್ದು ಮನೆಗೆ ಬಂದಮೇಲೇ ಗೊತ್ತಾಗುತ್ತದೆ.

ಎಡಿಟಿಂಗ್‌ಗೆ ಆವತ್ತೇ ಕೂರುವುದಿಲ್ಲ. ರಾತ್ರಿ ಸಂಪಾಜೆ ಘಾಟಿ ಹತ್ತಿ ಬಂದ ಕಣ್ಣಿಗೆ ಎಲ್ಲ ಬಣ್ಣವೂ ಕಡಿಮೆ ಅನ್ನಿಸುತ್ತದೆ. ಎರಡು ದಿನ ಬಿಟ್ಟು ರಾ ಫೈಲ್ (ಕ್ಯಾಮೆರಾ ಹಿಡಿದಿಟ್ಟ ಕಚ್ಚಾ ಚಿತ್ರ) ತೆರೆಯುತ್ತೇನೆ. ಮೊದಲ ಕೆಲಸ ದಿಗಂತ ನೇರ ಮಾಡುವುದು. ನಮ್ಮ ಬೆಟ್ಟಗಳಲ್ಲಿ ನೇರ ಗೆರೆ ಅನ್ನುವುದೇ ಇಲ್ಲವಲ್ಲ, ಫೋಟೊ ಎರಡು ಡಿಗ್ರಿ ವಾಲಿದರೂ ಯಾರೂ ಕೇಳುವುದಿಲ್ಲ. ಕಡಲು ಅರ್ಧ ಡಿಗ್ರಿ ವಾಲಿದರೂ ನೀರು ಒಂದು ಕಡೆ ಚೆಲ್ಲಿಹೋಗುತ್ತಿದೆ ಅನ್ನಿಸುತ್ತದೆ. ಆಮೇಲೆ ಲೆನ್ಸಿನ ಮೇಲೆ ಕೂತ ಉಪ್ಪುನೀರಿನ ಹನಿಗಳ ಕಲೆ ತೆಗೆಯುವುದು. ಬೇಜಾರಿನ ಕೆಲಸ.

ನಮ್ಮ ಕರಾವಳಿಯಲ್ಲಿ ಸಂಜೆ ಸೂರ್ಯ ಎದುರಿಗೇ ಇರುತ್ತಾನೆ. ಆಕಾಶ ಸುಟ್ಟುಹೋಗದ ಹಾಗೆ ತೆಗೆದರೆ ಬಂಡೆ ಇದ್ದಿಲಾಗಿರುತ್ತದೆ. ಹಾಗಾಗಿ ಆಕಾಶಕ್ಕೊಂದು, ಬಂಡೆಗೊಂದು ಅಂತ ಎರಡು ಫೋಟೊ ತೆಗೆದು ದಿಗಂತದ ಹತ್ತಿರ ಸೇರಿಸುತ್ತೇನೆ. ಮೊದಮೊದಲು ನೆರಳನ್ನು ಎಷ್ಟು ಎತ್ತುತ್ತಿದ್ದೆ ಅಂದರೆ ಬಂಡೆಗೆ ಟ್ಯೂಬ್‌ಲೈಟ್ ಬಿಟ್ಟ ಹಾಗೆ ಕಾಣುತ್ತಿತ್ತು. ಸೂರ್ಯ ಹಿಂದೆ ಇರುವಾಗ ಬಂಡೆಯ ಮುಂಭಾಗ ಕಪ್ಪಗಿರುವುದೇ ಸಹಜ, ಅಲ್ವಾ? ಅಂಚುಗಳನ್ನು ಎದ್ದು ಕಾಣಿಸುವ ಕ್ಲಾರಿಟಿ ಜಾಸ್ತಿ ಎಳೆದರೆ ಬಂಡೆಯ ಅಂಚಿಗೆ ಬಿಳಿ ಗೆರೆ ಬರುತ್ತದೆ. ಅದು ಕಂಡ ತಕ್ಷಣ ಕೈ ಹಿಂದೆ ತೆಗೆಯುತ್ತೇನೆ. ನನಗೆ ಜಾಸ್ತಿ ಹೊತ್ತು ಹಿಡಿಯುವುದು ನೊರೆ. ಹೈಲೈಟ್ (ಹೆಚ್ಚು ಬೆಳಕಿರುವ ಭಾಗ) ತುಂಬಾ ಇಳಿಸಿದರೆ ಅದು ಅಕ್ಕಿ ತೊಳೆದ ನೀರಿನ ಬಣ್ಣಕ್ಕೆ ತಿರುಗುತ್ತದೆ. ಪೂರ್ತಿ ಬೆಳ್ಳಗೆ ಮಾಡಿದರೂ ಸುಳ್ಳು, ಸಂಜೆಯ ನೊರೆಯಲ್ಲಿ ಒಂದಿಷ್ಟು ಕೆಂಪು, ನೆರಳಿನ ಕಡೆ ಒಂದಿಷ್ಟು ನೀಲಿ ಇದ್ದೇ ಇರುತ್ತದೆ. ಅದೆರಡನ್ನೂ ಉಳಿಸಿಕೊಂಡು ನಿಲ್ಲಿಸುವುದು ನನಗಿನ್ನೂ ಪ್ರತಿ ಸಲ ಬರುವುದಿಲ್ಲ.

ಮನೆಗೆ ಬಂದ ಕೂಡಲೇ ಟ್ರೈಪಾಡನ್ನು ಸಿಹಿನೀರಿನಲ್ಲಿ ತೊಳೆಯುತ್ತೇನೆ, ಲೆನ್ಸನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಿಸುತ್ತೇನೆ. ಮಳೆಗಾಲದಲ್ಲಿ ನಮ್ಮಲ್ಲಿ ಬೀರುವಿನ ಬಟ್ಟೆಗೇ ಬೂಷ್ಟು ಬರುತ್ತದೆ, ಲೆನ್ಸ್ ಯಾವ ಲೆಕ್ಕ? ಹಳೇ ಲೆನ್ಸೊಂದರ ಒಳಗೆ ಜೇಡರ ಬಲೆಯ ಹಾಗೆ ಫಂಗಸ್ ಹರಡಿ ಹಾಳಾಯಿತು. ಈಗ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಟ್ಟಿದ್ದೇನೆ.

ಅರ್ಧ ಸೆಕೆಂಡಿನ ಫೋಟೊಗಳನ್ನು ದೊಡ್ಡಮ್ಮನಿಗೂ ತೋರಿಸಿದೆ. "ಇದು ಕಡಲು" ಅಂತ ಒಪ್ಪಿಕೊಂಡರು. ಆದರೆ ಪ್ರಿಂಟ್ ಹಾಕಿಸಿಕೊಂಡದ್ದು ಹಳೇ ಎರಡು ನಿಮಿಷದ್ದನ್ನೇ. ಅವರ ಜಗಲಿಯಲ್ಲಿ ಈಗ ಅದೇ ಇದೆ. ಬಂದವರಿಗೆಲ್ಲ ಮಾಂದಲ್‌ಪಟ್ಟಿ ಅಂತ ತೋರಿಸುತ್ತಾರೆ.