ಮೈಸೂರಿನ ದಾರಿ ಹಿಡಿದು ಸಿಕ್ಕ ಪಿಯಾನೊ ರೆಕಾರ್ಡಿಂಗ್‌ಗಳು

ಪಾಶ್ಚಾತ್ಯ ಶಾಸ್ತ್ರೀಯ ಪಿಯಾನೊ ಕೇಳಲು ಶುರು ಮಾಡಿದವರಿಗೆ ಆ್ಯಪ್‌ಗಳು ತೋರಿಸುವುದು ಅವೇ ಹತ್ತು ಹನ್ನೆರಡು ಹೆಸರು. ಹೊರೊವಿಟ್ಜ್, ರುಬಿನ್‌ಸ್ಟೈನ್, ಗ್ಲೆನ್ ಗೂಲ್ಡ್, ಆಮೇಲೆ ಈಗಿನವರು ನಾಲ್ಕೈದು ಜನ. ಅವರೇನೂ ಸಾಮಾನ್ಯರಲ್ಲ ಬಿಡಿ. ಆದರೆ ಒಂದು ಸಲ ಶೋಪ್ಯಾನ್ ಅನ್ನುವ ರಚನಕಾರನ ನಾಕ್ಟರ್ನ್ (ರಾತ್ರಿಯ ಭಾವದ ಪುಟ್ಟ ಪಿಯಾನೊ ರಚನೆ) ಕೇಳಿದಿರೋ, ಮುಗಿಯಿತು. ಅಂಥದ್ದೇ ಮತ್ತೆ ಮತ್ತೆ ಬರುತ್ತದೆ. ನಿದ್ದೆಗೊಂದು ಪಟ್ಟಿ, ಮಳೆಗೊಂದು ಪಟ್ಟಿ, ಓದುವ ಮಕ್ಕಳಿಗೊಂದು ಪಟ್ಟಿ. ನಾನು ಈ ಸುತ್ತಿನಿಂದ ಹೊರಗೆ ಬಂದಿದ್ದು ಜಯಚಾಮರಾಜ ಒಡೆಯರ ದೆಸೆಯಿಂದ.

ಒಡೆಯರು ಅಂದರೆ ನಮಗೆ ನೆನಪಾಗುವುದು ಅವರ ಕರ್ನಾಟಕ ಸಂಗೀತದ ಕೃತಿಗಳು. 'ಶ್ರೀವಿದ್ಯಾ' ಅಂಕಿತದಲ್ಲಿ 94 ಕೃತಿ ರಚಿಸಿದರು. ಆದರೆ ಅವರು ಪಿಯಾನೊ ಕಲಿತವರು, ಪಾಶ್ಚಾತ್ಯ ಸಂಗೀತದಲ್ಲಿ ಆಳವಾಗಿ ಮುಳುಗಿದ್ದವರು. ಅರಮನೆಯಲ್ಲಿ ಗ್ರಾಮಫೋನ್ ಪ್ಲೇಟುಗಳ ದೊಡ್ಡ ಸಂಗ್ರಹವೇ ಇತ್ತು. ಅವರಿಗೆ ಬಹಳ ಇಷ್ಟವಾಗಿದ್ದ ರಚನಕಾರರಲ್ಲಿ ಒಬ್ಬ ನಿಕೊಲಾಯ್ ಮೆಟ್ನರ್.

ಮೆಟ್ನರ್ ಹುಟ್ಟಿದ್ದು 1880ರಲ್ಲಿ, ಮಾಸ್ಕೋದಲ್ಲಿ. ರಷ್ಯಾದ ಕ್ರಾಂತಿಯ ನಂತರ ದೇಶ ಬಿಟ್ಟು, ಅಲ್ಲಿ ಇಲ್ಲಿ ಇದ್ದು, ಕೊನೆಗೆ ಲಂಡನ್ನಿನಲ್ಲಿ ನೆಲೆ ನಿಂತ. ರಷ್ಯಾದ ಪ್ರಸಿದ್ಧ ರಚನಕಾರ ರಖ್ಮಾನಿನೋವ್ ಅವನ ಆಪ್ತ ಗೆಳೆಯ. ತನ್ನ ನಾಲ್ಕನೇ ಪಿಯಾನೊ ಕಂಚರ್ಟೊವನ್ನು (ಪಿಯಾನೊ ಮತ್ತು ವಾದ್ಯವೃಂದ ಸೇರಿ ನುಡಿಸುವ ರಚನೆ) ಮೆಟ್ನರ್‌ಗೇ ಅರ್ಪಿಸಿದ್ದಾನೆ. ಆದರೂ ಮೆಟ್ನರ್‌ನ ಹೆಸರು ಜನರ ಬಾಯಿಗೆ ಬರಲಿಲ್ಲ. ಎರಡನೇ ಮಹಾಯುದ್ಧದಲ್ಲಿ ಜರ್ಮನಿಯ ಪ್ರಕಾಶಕರಿಂದ ಬರುತ್ತಿದ್ದ ಹಣವೂ ನಿಂತುಹೋಯಿತು. ಆರೋಗ್ಯವೂ ಕೆಟ್ಟಿತು. ಆಗ ಮೈಸೂರಿನಿಂದ ಹಣ ಬಂತು. 'ಮೆಟ್ನರ್ ಸೊಸೈಟಿ' ಅಂತ ಒಂದು ಸಂಸ್ಥೆ ಆಯಿತು. 1940ರ ದಶಕದ ಕೊನೆಯ ವರ್ಷಗಳಲ್ಲಿ ಎಚ್‌ಎಂವಿ ಕಂಪನಿ ಮೆಟ್ನರ್‌ನ ರಚನೆಗಳನ್ನು ಮೆಟ್ನರ್‌ನ ಕೈಯಲ್ಲೇ ನುಡಿಸಿ ರೆಕಾರ್ಡ್ ಮಾಡಿತು. ಮೂರು ಕಂಚರ್ಟೊ, ಸೊನಾಟ ಅನ್ನುವ ದೊಡ್ಡ ವಾದ್ಯ ರಚನೆಗಳು, ಹಾಡುಗಳು, ಮತ್ತೆ 'ಸ್ಕಾಜ್ಕಿ' ಅನ್ನುವ ಪುಟ್ಟ ಪಿಯಾನೊ ತುಣುಕುಗಳು. ಮೂರನೇ ಕಂಚರ್ಟೊವನ್ನು ಅವನು ಮಹಾರಾಜರಿಗೇ ಅರ್ಪಿಸಿದ. 1951ರಲ್ಲಿ ತೀರಿಕೊಂಡ.

ಇದನ್ನು ಓದಿ ನಾನು ಆ ಪುಟ್ಟ ತುಣುಕುಗಳನ್ನು ಹುಡುಕಿದೆ. ಅರವತ್ತು ದಾಟಿದ, ಹೃದಯದ ಕಾಯಿಲೆ ಇದ್ದ ಮನುಷ್ಯ ನುಡಿಸಿದ್ದು ಅಂತ ಅನ್ನಿಸುವುದೇ ಇಲ್ಲ. ಲಯ ಬಿಗಿ. ಅಳು ಇಲ್ಲ, ಆಡಂಬರ ಇಲ್ಲ. ಎಡಗೈಯಲ್ಲಿ ಏನೋ ಬೇರೆ ಮಾತು ನಡೆಯುತ್ತಿರುತ್ತದೆ. ನನಗೆ ಅವನ ಸೊನಾಟಗಳಿಗಿಂತ ಇವೇ ಜಾಸ್ತಿ ಹಿಡಿಸಿದವು. ಅಲ್ಲಿಂದ ಹುಡುಕಾಟದ ದಾರಿ ಕಂಡಿತು.

ದಾರಿ ಅಂದರೆ ಇಷ್ಟೇ. ಆ್ಯಪ್ ಹೇಳಿದ್ದನ್ನು ಬಿಟ್ಟು ಮನುಷ್ಯರನ್ನು ಹಿಂಬಾಲಿಸುವುದು. ಇವನಿಗೆ ಯಾರು ಕಲಿಸಿದರು? ಜೊತೆಗೆ ಯಾರು ಕಲಿತರು? ಯಾರ ಜೊತೆ ಕೂತು ನುಡಿಸಿದ? ಯಾರು ದುಡ್ಡು ಕೊಟ್ಟರು? ನಮ್ಮ ಸಂಗೀತದಲ್ಲಿ ಶಿಷ್ಯ ಪರಂಪರೆ ಹಿಡಿದು ಕೇಳುವುದು ನಮಗೆ ಹೊಸದಲ್ಲ. ಅದನ್ನೇ ಇಲ್ಲೂ ಮಾಡಿದೆ.

ಮಾಸ್ಕೋದಲ್ಲಿ ಮೆಟ್ನರ್‌ಗೆ ಕಲಿಸಿದವರು ವಾಸಿಲಿ ಸಾಫೊನೋವ್. ಅವರ ಇನ್ನೊಬ್ಬ ಶಿಷ್ಯ ಜೋಸೆಫ್ ಲೆವಿನ್. ಹೆಸರು ಕೇಳಿದವರು ಕಡಿಮೆ, ಯಾಕೆಂದರೆ ಅವರು ರೆಕಾರ್ಡ್ ಮಾಡಿದ್ದೇ ಕಡಿಮೆ. ಎಲ್ಲ ಸೇರಿಸಿದರೂ ಹೆಚ್ಚುಕಡಿಮೆ ಒಂದು ಸಿಡಿಯಲ್ಲಿ ಮುಗಿಯುತ್ತದೆ. ಅದರಲ್ಲಿ 1935ರ ಶೋಪ್ಯಾನ್ ಎಟ್ಯೂಡ್‌ಗಳಿವೆ, ಅಂದರೆ ಬೆರಳಿನ ಕಸರತ್ತಿನ ರಚನೆಗಳು. ಒಂದು ಎಟ್ಯೂಡ್‌ನಲ್ಲಿ ಬಲಗೈ ಉದ್ದಕ್ಕೂ ಎರಡೆರಡು ಸ್ವರ ಜೋಡಿಸಿ ಓಡಬೇಕು. ಲೆವಿನ್ ಅದನ್ನು ಮೆಲುದನಿಯಲ್ಲಿ ನುಡಿಸಿಬಿಡುತ್ತಾರೆ. ಜೋರಾಗಿ ನುಡಿಸಿ ಮುಚ್ಚಿಹಾಕುವುದೇ ಇಲ್ಲ.

ಸಾಫೊನೋವ್ ಅವರ ಮತ್ತೊಬ್ಬ ಶಿಷ್ಯ ರಚನಕಾರ ಸ್ಕ್ರಿಯಾಬಿನ್. ಅವನು ನುಡಿಸಿದ್ದು ಉಳಿದಿರುವುದು ಪಿಯಾನೊ ರೋಲ್‌ಗಳಲ್ಲಿ ಮಾತ್ರ. ಅವು ಕಾಗದದ ಸುರುಳಿಯಲ್ಲಿ ತೂತು ಕೊರೆದು ಮಾಡಿದಂಥವು, ಧ್ವನಿಮುದ್ರಣ ಅಲ್ಲ. ಹಾಗಾಗಿ ಅವನ ಅಳಿಯನ ಕಡೆ ತಿರುಗಿದೆ. ವ್ಲಾದಿಮಿರ್ ಸೊಫ್ರೊನಿಟ್‌ಸ್ಕಿ, 1901ರಿಂದ 1961. ಮಾವನನ್ನು ಕಣ್ಣಾರೆ ಕಂಡವರಲ್ಲ. ಅವರು ಮದುವೆಯಾಗುವ ಹೊತ್ತಿಗೆ ಸ್ಕ್ರಿಯಾಬಿನ್ ತೀರಿಹೋಗಿ ವರ್ಷಗಳಾಗಿದ್ದವು. ಸ್ಕ್ರಿಯಾಬಿನ್ ಕೊನೆಗೆ ಇದ್ದ ಮಾಸ್ಕೋದ ಮನೆ ಈಗ ಮ್ಯೂಸಿಯಂ. ಅಲ್ಲಿ ಒಂದಷ್ಟು ಜನರ ಮುಂದೆ, ಸ್ಕ್ರಿಯಾಬಿನ್‌ನದೇ ಪಿಯಾನೊದಲ್ಲಿ ಅವರು ನುಡಿಸಿದ್ದು ಟೇಪಿನಲ್ಲಿ ಉಳಿದಿದೆ. ಸ್ಟುಡಿಯೊದಲ್ಲಿ ಮಾಡಿದ್ದಕ್ಕಿಂತ ಅವು ನೂರು ಪಾಲು ಜೀವಂತ. ಕೆಮ್ಮು, ಕುರ್ಚಿ ಸದ್ದು ಎಲ್ಲ ಇದೆ. ಇರಲಿ ಬಿಡಿ.

ಮೆಟ್ನರ್ ಸೊಸೈಟಿಯ ಪ್ಲೇಟುಗಳಲ್ಲಿ ಎರಡು ಪಿಯಾನೊಗಳ ಒಂದು ತುಣುಕಿದೆ. ಅಲ್ಲಿ ಜೊತೆಗೆ ಕೂತವರು ಬೆನ್ನೊ ಮೊಯ್ಸೆವಿಚ್. ಅವರ ಗುರು ವಿಯೆನ್ನಾದ ಲೆಶೆಟಿಟ್‌ಸ್ಕಿ. ಈ ಗುರುವಿನ ಶಿಷ್ಯರ ಮನೆತನ ದೊಡ್ಡದು. ಬೇತೊವೆನ್‌ನ 32 ಸೊನಾಟಗಳನ್ನು ಮೊದಲ ಬಾರಿಗೆ ಪೂರ್ತಿ ರೆಕಾರ್ಡ್ ಮಾಡಿದ ಷ್ನಾಬೆಲ್ ಇಲ್ಲಿಯವರೇ. ಇಗ್ನಾಜ್ ಫ್ರೀಡ್‌ಮನ್ ಕೂಡ. ಫ್ರೀಡ್‌ಮನ್ 1936ರಲ್ಲಿ ನುಡಿಸಿದ ಶೋಪ್ಯಾನ್ ನಾಕ್ಟರ್ನ್ ಒಂದಿದೆ, ಓಪಸ್ (ರಚನೆಯ ಸಂಖ್ಯೆ) 55ರ ಎರಡನೆಯದು. ಒಂದೇ ಬಲಗೈಯಲ್ಲಿ ಇಬ್ಬರು ಹಾಡಿದ ಹಾಗೆ ಕೇಳುತ್ತದೆ. ಪಿಯಾನೊ ಬಲ್ಲವರ ನಡುವೆ ಇದು ಪ್ರಸಿದ್ಧ, ಹೊರಗಿನವರಿಗೆ ಗೊತ್ತೇ ಇಲ್ಲ. ಒಂದೇ ಒಂದು ರೆಕಾರ್ಡಿಂಗ್ ಹೇಳಿ ಅಂದರೆ ನಾನು ಇದನ್ನೇ ಹೇಳುತ್ತೇನೆ. ಇದೇ ಗುರುವಿನ ಇನ್ನೊಬ್ಬ ಶಿಷ್ಯ ಹೊರ್ಶೋವ್‌ಸ್ಕಿ. ಹುಟ್ಟಿದ್ದು 1892ರಲ್ಲಿ, ಕೊನೆಯ ಕಛೇರಿ 1991ರಲ್ಲಿ. ಲೆಕ್ಕ ನೀವೇ ಹಾಕಿ. ತೊಂಬತ್ತು ದಾಟಿದ ಮೇಲೆ ಸ್ಟುಡಿಯೊಗೆ ಹೋಗಿ ಮಾಡಿದ ಸಿಡಿಗಳಿವೆ. ವೇಗ ಇಲ್ಲ, ಮಾತು ಮಾತ್ರ ಸ್ಪಷ್ಟ.

ಇನ್ನು ಹುಡುಕುವ ಕೆಲಸ. ಮೊದಲ ತೊಡಕು ಹೆಸರಿನ ಕಾಗುಣಿತ. ರಷ್ಯಾದವರ ಹೆಸರನ್ನು ಇಂಗ್ಲಿಷಿನಲ್ಲಿ ಒಬ್ಬೊಬ್ಬರು ಒಂದೊಂದು ಥರ ಬರೆಯುತ್ತಾರೆ. ನಾನು ವಿಕಿಪೀಡಿಯದಲ್ಲಿ ಆ ಕಲಾವಿದರ ಪುಟ ತೆರೆದು, ಪಕ್ಕದ ಭಾಷೆಗಳ ಪಟ್ಟಿಯಲ್ಲಿ ರಷ್ಯನ್ ಆರಿಸಿ, ಅಲ್ಲಿರುವ ಹೆಸರನ್ನು ಹಾಗೇ ನಕಲು ಮಾಡಿ ಯೂಟ್ಯೂಬಿನಲ್ಲಿ ಹಾಕುತ್ತೇನೆ. ಲಿಪಿ ಓದಲು ಬರಬೇಕಿಲ್ಲ. ಇಂಗ್ಲಿಷಿನಲ್ಲಿ ಹುಡುಕಿದಾಗ ಕಾಣದ ಎಷ್ಟೋ ಧ್ವನಿಮುದ್ರಣ ಹೀಗೆ ಸಿಗುತ್ತವೆ. ಜಪಾನಿ ಲಿಪಿಯಲ್ಲೂ ಇದನ್ನೇ ಮಾಡಿ ನೋಡಿ. ಹಳೆಯ ಪಿಯಾನೊ ರೆಕಾರ್ಡ್‌ಗಳ ಮೇಲೆ ಜಪಾನಿನವರಿಗೆ ಇರುವ ಪ್ರೀತಿ ಬೇರೆ ಮಟ್ಟದ್ದು.

ಎರಡನೆಯದು ಪ್ಲೇಟುಗಳ ಖಜಾನೆಗಳು. ಇಂಟರ್ನೆಟ್ ಆರ್ಕೈವ್‌ನಲ್ಲಿ 78 ಆರ್‌ಪಿಎಂ (ನಿಮಿಷಕ್ಕೆ 78 ಸುತ್ತು) ಪ್ಲೇಟುಗಳ ದೊಡ್ಡ ರಾಶಿ ಇದೆ. ಒಂದೇ ಪ್ಲೇಟನ್ನು ಬೇರೆ ಬೇರೆ ಅಳತೆಯ ಮುಳ್ಳಿನಲ್ಲಿ ಓಡಿಸಿ ಹಾಕಿದ್ದೂ ಉಂಟು. ಯಾವುದು ಚೆನ್ನಾಗಿದೆಯೋ ನಾವೇ ಆರಿಸಬಹುದು. ಕ್ಯಾಲಿಫೋರ್ನಿಯಾದ ಸಾಂತಾ ಬಾರ್ಬರಾ ವಿಶ್ವವಿದ್ಯಾಲಯ ನಡೆಸುವ ರೆಕಾರ್ಡಿಂಗ್ ಪಟ್ಟಿಯಲ್ಲಿ ಯಾವ ದಿನ, ಯಾವ ಊರಿನಲ್ಲಿ, ಎಷ್ಟನೇ ಸಲಕ್ಕೆ ನುಡಿಸಿದ್ದು ಅನ್ನುವವರೆಗೂ ವಿವರ ಇದೆ. ಈ 'ಎಷ್ಟನೇ ಸಲ' ಅನ್ನುವುದು ಮುಖ್ಯ. ಆಗ ಟೇಪ್ ಇರಲಿಲ್ಲ, ಕತ್ತರಿಸಿ ಅಂಟಿಸುವಂತಿರಲಿಲ್ಲ. ತಪ್ಪಿದರೆ ಮೊದಲಿಂದ ನುಡಿಸಬೇಕು. ಹಾಗಾಗಿ ಒಂದು ಬದಿಗೆ ಎರಡು ಮೂರು ಟೇಕ್ ಇರುತ್ತಿದ್ದವು. ಪ್ಲೇಟಿನ ಒಳಸುತ್ತಿನ ಹತ್ತಿರ ಒತ್ತಿರುವ ಅಂಕೆ ನೋಡಿದರೆ ಯಾವ ಟೇಕ್ ಅಂತ ತಿಳಿಯುತ್ತದೆ. ಟೇಕ್ ಬೇರೆಯಾದರೆ ಅದು ಬೇರೆಯೇ ನುಡಿಸಾಣಿಕೆ.

ಭಾರತದ ಕಾನೂನಿನಲ್ಲಿ ಧ್ವನಿಮುದ್ರಣದ ಹಕ್ಕು ಇರುವುದು ಪ್ರಕಟವಾದ ಮೇಲೆ 60 ವರ್ಷ. ಹೀಗಾಗಿ ಈ 78ರ ಪ್ಲೇಟುಗಳನ್ನು ಇಳಿಸಿಕೊಳ್ಳುವಾಗ ನಾನು ಹಿಂದೆಮುಂದೆ ನೋಡುವುದಿಲ್ಲ.

ಇಳಿಸಿಕೊಂಡ ಮೇಲೆ ಮೊದಲು ನೋಡುವುದು ಶ್ರುತಿ. 78ರ ಪ್ಲೇಟು ಅಂದಮಾತ್ರಕ್ಕೆ ಅದು ಸರಿಯಾಗಿ 78ಕ್ಕೇ ತಿರುಗಬೇಕು ಅಂತಿಲ್ಲ. ಕಂಪನಿಗೊಂದು, ಕಾಲಕ್ಕೊಂದು ವೇಗ ಇತ್ತು. 78ರ ಪ್ಲೇಟನ್ನು 74ಕ್ಕೆ ತಿರುಗಿಸಿದರೆ ಸ್ವರ ಹತ್ತಿರ ಹತ್ತಿರ ಅರ್ಧ ಸ್ವರದಷ್ಟು (ಹಾರ್ಮೋನಿಯಂನಲ್ಲಿ ಪಕ್ಕದ ಮನೆಯಷ್ಟು) ಕೆಳಗಿಳಿಯುತ್ತದೆ. ನುಡಿಸಾಣಿಕೆಯೂ ಜೋಲು ಬೀಳುತ್ತದೆ. ಪಾಪ, ಕಲಾವಿದನ ಮೇಲೆ ಅಪವಾದ! ಫೋನಿನಲ್ಲಿ ಟ್ಯೂನರ್ ಆ್ಯಪ್ ಇಟ್ಟುಕೊಂಡು, ಸಂಗೀತದ ಮುದ್ರಿತ ಪ್ರತಿ ನೋಡಿ ಮೊದಲ ಸ್ವರ ಯಾವುದಿರಬೇಕು ಅಂತ ಹೋಲಿಸುತ್ತೇನೆ. ವ್ಯತ್ಯಾಸ ಸ್ವಲ್ಪ ಇದ್ದರೆ ಆ ಪಿಯಾನೊವೇ ಹಾಗಿತ್ತು ಅಂದುಕೊಂಡು ಬಿಟ್ಟುಬಿಡುತ್ತೇನೆ. ಜಾಸ್ತಿ ಇದ್ದರೆ ಆಡಾಸಿಟಿ ಅನ್ನುವ ಉಚಿತ ಸಾಫ್ಟ್‌ವೇರಿನಲ್ಲಿ ವೇಗ ಬದಲಿಸುತ್ತೇನೆ. ವೇಗ ಬದಲಿಸಬೇಕು, ಶ್ರುತಿಯನ್ನಷ್ಟೇ ಬದಲಿಸಬಾರದು. ಎರಡೂ ಒಟ್ಟಿಗೇ ಹಾಳಾಗಿರುತ್ತವೆ ತಾನೇ?

ಹಳೆಯ ಪ್ಲೇಟುಗಳ ಸರಸರ ಸದ್ದಿನ ವಿಚಾರದಲ್ಲಿ ನನ್ನದು ಸ್ವಲ್ಪ ಹಟ. ಸದ್ದನ್ನು ಪೂರ್ತಿ ತೆಗೆದು 'ಶುದ್ಧ' ಮಾಡಿದ ಪ್ರತಿಗಳು ನನಗೆ ಬೇಡ. ಪಿಯಾನೊ ಸ್ವರ ಹುಟ್ಟಿದ ಕ್ಷಣದಿಂದ ಕರಗುತ್ತಾ ಹೋಗುತ್ತದೆ. ಆ ಕರಗುವ ಬಾಲ ಇರುವುದೇ ಸರಸರ ಸದ್ದಿನ ಒಳಗೆ. ಸದ್ದು ಒರೆಸಿದರೆ ಬಾಲವೂ ಹೋಗುತ್ತದೆ, ಉಳಿಯುವುದು ಸುಮ್ನೆ ಟಕ್ ಟಕ್. ಹತ್ತು ನಿಮಿಷ ಸಹಿಸಿಕೊಂಡು ಕೇಳಿ, ಆಮೇಲೆ ಕಿವಿಯೇ ಸದ್ದನ್ನು ಬದಿಗೆ ತಳ್ಳುತ್ತದೆ. ದುಡ್ಡು ಕೊಟ್ಟು ಕೊಳ್ಳುವುದಾದರೆ ಎಪಿಆರ್ ಮತ್ತು ಮಾರ್ಸ್ಟನ್ ಕಂಪನಿಗಳ ಸಿಡಿಗಳನ್ನು ನಂಬಬಹುದು. ಮಾರ್ಸ್ಟನ್ ನಡೆಸುವ ವಾರ್ಡ್ ಮಾರ್ಸ್ಟನ್ ಅವರಿಗೆ ಕಣ್ಣು ಕಾಣುವುದಿಲ್ಲ. ಅವರ ಕಿವಿಯ ಬಗ್ಗೆ ನಾನು ಹೇಳಬೇಕಾಗಿಲ್ಲ.

ಅಪರೂಪದ್ದು ಅಂತ ಯಾರಾದರೂ ಹೇಳಿದ ಕೂಡಲೇ ನಂಬುವುದೂ ಬೇಡ. ಜಾಯ್ಸ್ ಹ್ಯಾಟೊ ಅನ್ನುವ ಇಂಗ್ಲಿಷ್ ಪಿಯಾನೊ ವಾದಕಿಯ ಪ್ರಕರಣ ಇದಕ್ಕೆ ಸಾಕ್ಷಿ. ಆಕೆ ಕಾಯಿಲೆ ಬಿದ್ದು ವೇದಿಕೆ ಬಿಟ್ಟವರು. ಆದರೂ ನೂರಕ್ಕೂ ಹೆಚ್ಚು ಸಿಡಿ ಆಕೆಯ ಹೆಸರಿನಲ್ಲಿ ಬಂದವು. ಯಾರಿಗೂ ಗೊತ್ತಿಲ್ಲದ ಪ್ರತಿಭೆ ಅಂತ ವಿಮರ್ಶಕರು ಹೊಗಳಿದರು. 2007ರಲ್ಲಿ ಒಬ್ಬ ಕೇಳುಗ ಆಕೆಯ ಹೆಸರಿನ, ಫ್ರಾಂಜ್ ಲಿಸ್ಟ್ ಅನ್ನುವ ರಚನಕಾರನ ಎಟ್ಯೂಡ್‌ಗಳ ಸಿಡಿಯನ್ನು ಕಂಪ್ಯೂಟರಿಗೆ ಹಾಕಿದರೆ, ಸಾಫ್ಟ್‌ವೇರ್ ಬೇರೊಬ್ಬರ ಹೆಸರು ತೋರಿಸಿತು. ಲಾಸ್ಲೊ ಸಿಮೋನ್. ತನಿಖೆ ಮಾಡಿದಾಗ ಒಂದಾದ ಮೇಲೊಂದು ಸಿಡಿ ಬೇರೆಯವರದ್ದೇ. ಕದ್ದು ಹಾಕಿದ್ದನ್ನು ಆಕೆಯ ಗಂಡ ಆಮೇಲೆ ಒಪ್ಪಿಕೊಂಡ. ಎಲ್ಲಿ, ಯಾವಾಗ ರೆಕಾರ್ಡ್ ಮಾಡಿದ್ದು ಅನ್ನುವ ವಿವರ ಸರಿಯಾಗಿ ಇಲ್ಲದ ಸಿಡಿ ಕಂಡರೆ ನಾನು ಈಗಲೂ ಹುಬ್ಬೇರಿಸುತ್ತೇನೆ.

ಇನ್ನೊಂದು ಮಾತು. ಮರೆತುಹೋದದ್ದೆಲ್ಲ ಚಿನ್ನ ಅಲ್ಲ. ಎಷ್ಟೋ ರೆಕಾರ್ಡಿಂಗ್ ಮರೆಯಾಗಿರುವುದು ಅವು ಸಪ್ಪೆ ಅನ್ನುವ ಕಾರಣಕ್ಕೇ. ಕೆಲವು ಮಾತ್ರ ಬೇರೆ ಕಾರಣಕ್ಕೆ ಅಡಗಿರುತ್ತವೆ. ಹಂಗೇರಿಯ ಆನಿ ಫಿಷರ್ 1977-78ರಲ್ಲಿ ಬೇತೊವೆನ್‌ನ ಅಷ್ಟೂ ಸೊನಾಟಗಳನ್ನು ರೆಕಾರ್ಡ್ ಮಾಡಿದರು. ಆದರೆ ಆಕೆಗೆ ತೃಪ್ತಿಯಿರಲಿಲ್ಲ. ಹೊರಗೆ ಬಂದಿದ್ದು 1995ರಲ್ಲಿ ಆಕೆ ತೀರಿಕೊಂಡ ಮೇಲೆ. ಎಲ್ಲೂ ಸಿಹಿ ಲೇಪಿಸದ ಬೇತೊವೆನ್ ಅದು. ನಿರೆಜ್‌ಹಾಜಿ ಅನ್ನುವವರದ್ದು ಇನ್ನೊಂದು ಕಥೆ. ಬಾಲಪ್ರತಿಭೆಯಾಗಿ ಮೆರೆದು, ದಶಕಗಳ ಕಾಲ ಕಾಣೆಯಾಗಿ, 1970ರ ದಶಕದಲ್ಲಿ ಮತ್ತೆ ಪಿಯಾನೊ ಮುಂದೆ ಕೂತು ಲಿಸ್ಟ್ ನುಡಿಸಿದರು. ಮಂದ್ರದಲ್ಲಿ ಗುಡುಗು, ತಪ್ಪು ಸ್ವರಗಳೂ ಬೇಕಾದಷ್ಟು. ಕೆಲವರಿಗೆ ಅದು ಹುಚ್ಚು ಹಿಡಿಸುತ್ತದೆ. ನನಗೆ ಒಂದು ಸಲಕ್ಕೆ ಸಾಕಾಯಿತು.

ಶುರು ಮಾಡುವವರಿಗೆ ನಾನು ಇಷ್ಟು ಕಳಿಸುತ್ತೇನೆ: ಮೆಟ್ನರ್ ನುಡಿಸಿದ ಸ್ಕಾಜ್ಕಿಗಳು, ಫ್ರೀಡ್‌ಮನ್‌ನ ಆ ನಾಕ್ಟರ್ನ್, ಮತ್ತೆ ಮಾರ್ಸೆಲ್ ಮೆಯೆರ್ ಅನ್ನುವ ಫ್ರಾನ್ಸಿನ ವಾದಕಿ ನುಡಿಸಿದ ರಾಮೋ. ರಾಮೋ 18ನೇ ಶತಮಾನದವನು, ಪಿಯಾನೊಗಿಂತ ಹಳೆಯ ಹಾರ್ಪ್ಸಿಕಾರ್ಡ್ ಅನ್ನುವ ವಾದ್ಯಕ್ಕೆ ಬರೆದವನು. ಮೆಯೆರ್ ಅದನ್ನು ಪಿಯಾನೊದಲ್ಲಿ ನುಡಿಸಿದ ರೀತಿ ಕೇಳಿದವರು ಆಮೇಲೆ ಆಕೆ ನುಡಿಸಿದ ಸ್ಕಾರ್ಲಾಟಿ, ಕೂಪ್ರಾಂ ಅವರ ರಚನೆಗಳು ಎಲ್ಲಿ ಸಿಗುತ್ತವೆ ಅಂತ ನನ್ನನ್ನೇ ಕೇಳುತ್ತಾರೆ. ಈ ಮೂರೂ ಯೂಟ್ಯೂಬಿನಲ್ಲೇ ಇವೆ. ಇಯರ್‌ಫೋನ್ ಹಾಕಿಕೊಂಡೇ ಕೇಳಿ. ಫೋನಿನ ಪುಟ್ಟ ಸ್ಪೀಕರಿನಲ್ಲಿ ಎಡಗೈ ಕೇಳಿಸುವುದೇ ಇಲ್ಲ.