ಜಾಕೋಗೊಂದು ಡಾನ್ಸ್ ಟ್ರ್ಯಾಕ್: ಜಾಗ ಬಿಟ್ಟಿದ್ದು ಕಿಕ್

ಡಾನ್ಸ್ ಮ್ಯೂಸಿಕ್‌ನಲ್ಲಿ ತಾಳಕ್ಕೆ ‘ಧಂ’ ಅಂತ ಬೀಳುವ ಕಿಕ್ ಡ್ರಮ್ಮೇ ಯಜಮಾನ. ಅದು ಬಂದಾಗೆಲ್ಲ ಬೇಸ್ ಗಿಟಾರ್ ಸದ್ದು ಇಳಿಸಿ ತಲೆ ತಗ್ಗಿಸಬೇಕು. ಆದರೆ ಬೇಸ್ ವಾದಕ ಜಾಕೋ ಪಾಸ್ಟೋರಿಯಸ್ ನೆನಪಿಗೆ ಅಂತ ಟ್ರ್ಯಾಕ್ ಮಾಡಿ, ಅದರಲ್ಲೂ ಬೇಸನ್ನೇ ತಗ್ಗಿಸಿದರೆ ಅದೆಂಥ ಗೌರವ, ಅಲ್ವಾ? ಹಾಗಾಗಿ ಒಂದೇ ನಿಯಮ ಇಟ್ಟುಕೊಂಡೆ. ಜಾಗ ಬಿಡಬೇಕಾದದ್ದು ಕಿಕ್.

ಗೊತ್ತಿಲ್ಲದವರಿಗೆ ಎರಡು ಮಾತು. ಜಾಕೋ ಹುಟ್ಟಿದ್ದು 1951ರಲ್ಲಿ, ಬೆಳೆದದ್ದು ಫ್ಲಾರಿಡಾದಲ್ಲಿ. 1976ರಲ್ಲಿ ತಮ್ಮ ಹೆಸರಿನದೇ ಮೊದಲ ಆಲ್ಬಮ್ ತಂದರು, ಅದೇ ವರ್ಷ ವೆದರ್ ರಿಪೋರ್ಟ್ ಎಂಬ ಜಾಝ್ ತಂಡ ಸೇರಿದರು. 1987ರಲ್ಲಿ, 35ನೇ ವಯಸ್ಸಿಗೇ ತೀರಿಕೊಂಡರು. ಅವರ 1962ರ ಫೆಂಡರ್ ಜಾಝ್ ಬೇಸಿನಲ್ಲಿ ಫ್ರೆಟ್‌ಗಳು, ಅಂದರೆ ವೀಣೆಯ ಮೆಟ್ಟಿಲಿನಂಥ ಪಟ್ಟಿಗಳು, ಇರಲಿಲ್ಲ. ಫ್ರೆಟ್ ಕಿತ್ತ ಸೀಳುಗಳನ್ನು ತುಂಬಿ, ಮೇಲೆ ದೋಣಿಗೆ ಬಳಿಯುವ ಎಪಾಕ್ಸಿ ಬಳಿದಿದ್ದರು. ಆ ಗಟ್ಟಿ ಮೈಮೇಲೆ ತಂತಿ ಜಾರುವಾಗ ಬರುವ ‘ಮ್ವಾ’ ನಾದವೇ ಅವರ ಗುರುತು. ಗೋಟುವಾದ್ಯ ಕೇಳಿದವರಿಗೆ ಮೆಟ್ಟಿಲಿಲ್ಲದ ತಂತಿಯ ರುಚಿ ಬಿಡಿಸಿ ಹೇಳಬೇಕಿಲ್ಲ.

ನನ್ನದು ಸಾಧಾರಣ ಫ್ರೆಟ್‌ಲೆಸ್ ಬೇಸ್. ಎಪಾಕ್ಸಿ ಗಿಪಾಕ್ಸಿ ಏನೂ ಇಲ್ಲ. ತಂತಿಯ ಕಂಪನ ಹಿಡಿಯುವ ಪಿಕಪ್‌ಗಳಲ್ಲಿ ನೆಕ್ ಕಡೆಯದರ ಸದ್ದು ಪೂರ್ತಿ ಇಳಿಸಿ, ತಂತಿಯ ಬುಡದ ಬ್ರಿಡ್ಜ್ ಕಡೆಯದನ್ನು ಮಾತ್ರ ಇಟ್ಟೆ. ಬಲಗೈ ಬೆರಳೂ ಅದರ ಮೇಲೇ. ಆಗ ಸದ್ದಿನ ದಪ್ಪ ಇಳಿದು, ನೋಟ್ ಒಂದೊಂದೂ ಬಿಡಿಬಿಡಿಯಾಗಿ ಕೇಳುತ್ತದೆ. ಜಾಕೋ ರೆಕಾರ್ಡಿಂಗ್‌ನಿಂದ ತುಣುಕು ತೆಗೆದು ಸ್ಯಾಂಪಲ್ ಮಾಡಲಿಲ್ಲ, ಹಕ್ಕಿನ ತಲೆನೋವು ಯಾರಿಗೆ ಬೇಕು? ಸಾಲುಗಳನ್ನು ನಾನೇ ಕಟ್ಟಿದೆ.

ವೇಗ 124 ಬಿಪಿಎಂ (ನಿಮಿಷಕ್ಕೆ 124 ಬೀಟ್). ಅಂದರೆ ಒಂದು ಹದಿನಾರನೇ ನೋಟಿಗೆ (ಬೀಟಿನ ಕಾಲು ಭಾಗಕ್ಕೆ) ಸಿಗುವುದು ಸುಮಾರು 121 ಮಿಲಿಸೆಕೆಂಡ್. ಎಡಗೈ ಬೆರಳನ್ನು ತಂತಿ ಮೇಲೆ ಸುಮ್ನೆ ತಾಗಿಸಿ ಹೊಡೆಯುವ ‘ಟಕ್ ಟಕ್’ ಘೋಸ್ಟ್ ನೋಟ್‌ಗಳು ಜಾಕೋ ಶೈಲಿಯಲ್ಲಿ ಜಾಸ್ತಿ. ಓಟ ಹುಟ್ಟುವುದೇ ಅಲ್ಲಿ. ಮಾಮೂಲಿ ಸೈಡ್‌ಚೈನ್ (ಕಿಕ್ ಬಂದಾಗ ಬೇಸಿನ ಸದ್ದು ತಾನೇ ಇಳಿಯುವ ವ್ಯವಸ್ಥೆ) ಹಾಕಿ, ಸದ್ದು ಮರಳುವ ಸಮಯವಾದ ರಿಲೀಸನ್ನು 200 ಮಿಲಿಸೆಕೆಂಡ್ ಇಟ್ಟರೆ, ಪ್ರತಿ ಕಿಕ್ಕಿಗೂ ಒಂದೂವರೆ ನೋಟ್ ಮಂಕಾಗುತ್ತದೆ. ಘೋಸ್ಟ್ ನೋಟ್ ಮೊದಲೇ ಸಣ್ಣದು, ಅದಂತೂ ಮಾಯ. ಅದಕ್ಕೇ ಸೈಡ್‌ಚೈನನ್ನು ಉಲ್ಟಾ ಹಾಕಿದೆ: ಬೇಸ್ ಬಾರಿಸಿದಾಗ ಕಿಕ್ ಎರಡು-ಮೂರು ಡೆಸಿಬೆಲ್ ಇಳಿಯುತ್ತದೆ. ಕಿಕ್ಕಿನ ಬಾಲವನ್ನೂ ಕತ್ತರಿಸಿ ಗಿಡ್ಡ ಮಾಡಿ, 55 ಹರ್ಟ್ಜ್ ಹತ್ತಿರ ಕೂರಿಸಿದೆ. ಬೇಸ್ ಸಾಲನ್ನು ಆದಷ್ಟೂ ಡಿ ಮತ್ತು ಜಿ ತಂತಿಗಳಲ್ಲೇ ಓಡಿಸಿದೆ. ತೆರೆದ ಡಿ ತಂತಿಯೇ 73 ಹರ್ಟ್ಜ್, ಹಾಗಾಗಿ ಕೆಳಗೆ ಗುದ್ದಾಟವೇ ಇಲ್ಲ.

ಬೇಸನ್ನು ಗ್ರಿಡ್‌ಗೆ, ಅಂದರೆ ಕಂಪ್ಯೂಟರಿನ ಸಮ ತಾಳದ ಗೆರೆಗಳಿಗೆ, ಎಳೆಯಲಿಲ್ಲ. ಅದರ ಟೈಮಿಂಗ್‌ನಿಂದ ಗ್ರೂವ್ (ತಾಳದ ಓಲಾಟ) ತೆಗೆದು ಹೈಹ್ಯಾಟ್ ಸಿಂಬಲ್‌ಗೆ ಹಾಕಿದೆ. ಕಿಕ್ ಮಾತ್ರ ಗೆರೆ ತಪ್ಪುವ ಹಾಗಿಲ್ಲ, ಕುಣಿಯುವವರ ಕಾಲು ಅದನ್ನೇ ನಂಬಿರುತ್ತದೆ.

ಪ್ಯಾಡ್, ಅಂದರೆ ಹಿಂದೆ ಹರಡಿಕೊಳ್ಳುವ ಉದ್ದನೆಯ ನಾದ, ಕೂಡ ಬೇಸಿನದೇ. ಐದನೇ ಫ್ರೆಟ್ ಇರಬೇಕಾದ ಜಾಗದಲ್ಲಿ ತಂತಿಯನ್ನು ಒತ್ತದೆ ಬರೀ ತಾಗಿಸಿದರೆ ಎರಡು ಸ್ಥಾಯಿ ಮೇಲಿನ ಸ್ವರ ಸಿಗುತ್ತದೆ. ನಾಲ್ಕನೆಯದಕ್ಕಿಂತ ಒಂಚೂರು ಹಿಂದೆ ತಾಗಿಸಿದರೆ ಎರಡು ಸ್ಥಾಯಿಯ ಮೇಲೆ ಅಂತರ ಗಾಂಧಾರ. ಇಂಥ ಹಾರ್ಮೋನಿಕ್‌ಗಳನ್ನು ಒಂದೊಂದಾಗಿ ರೆಕಾರ್ಡ್ ಮಾಡಿ, ಎಂಟು ಪಟ್ಟು ಹಿಗ್ಗಿಸಿ, ರಿವರ್ಬ್‌ನಲ್ಲಿ ಅದ್ದಿದೆ. ಸಿಂಥಸೈಜರ್ ಅಂದುಕೊಂಡವರೇ ಹೆಚ್ಚು.

ನಡುವೆ ಬ್ರೇಕ್‌ಡೌನ್, ಅಂದರೆ ತಾಳ ತಗ್ಗುವ ಭಾಗ, ಬೇಕಲ್ಲ? ಅಲ್ಲಿ ಎಲ್ಲರೂ ಪ್ಯಾಡ್ ಉಬ್ಬಿಸುತ್ತಾರೆ. ನಾನು ಎಲ್ಲ ನಿಲ್ಲಿಸಿ, ಬೇಸ್ ಮತ್ತು ಕಾಂಗಾ ಡ್ರಮ್ ಎರಡನ್ನೇ ಉಳಿಸಿದೆ. ಜಾಕೋ ಮೊದಲ ಆಲ್ಬಮ್ ಶುರುವಾಗುವುದೇ ಹಾಗೆ: ‘ಡೋನಾ ಲೀ’ಯಲ್ಲಿ ಅವರ ಬೇಸ್, ಡಾನ್ ಅಲಿಯಾಸ್ ಅವರ ಕಾಂಗಾ, ಮತ್ತೇನೂ ಇಲ್ಲ.

ಡಿಜೆ ಗೆಳೆಯನೊಬ್ಬ ಕೇಳಿ, “ಶುರುವಿನಲ್ಲಿ 32 ಬಾರ್ (ತಾಳದ ಆವರ್ತ) ಬರೀ ಡ್ರಮ್ಸ್ ಕೊಡು ಮಾರಾಯ, ಇಲ್ಲಾಂದ್ರೆ ಹಿಂದಿನ ಹಾಡಿಗೆ ಮಿಕ್ಸ್ ಮಾಡೋದು ಹೇಗೆ?” ಅಂದ. ಅವನಿಗೊಂದು ಬೇರೆ ವರ್ಷನ್ ಮಾಡಿಕೊಟ್ಟೆ. ನನ್ನದರಲ್ಲಿ ಮೊದಲ ಬಾರಿನಿಂದಲೇ ಬೇಸ್ ಇದೆ.