ಹಳೆಯ ಕಾಲದ ಹಾಫ್‌ಬ್ಯಾಕ್ ಒಬ್ಬರ ಆಟದ ಬದುಕನ್ನು ಬರೆಯುವ ಬಗೆ

ಹಾಫ್‌ಬ್ಯಾಕ್ ಎಂದೊಡನೆ ಕೊಡಗಿನ ಓದುಗರ ಕಣ್ಣ ಮುಂದೆ ಬರುವುದು ಹಾಕಿ ಮೈದಾನದ ನಡುವೆ ನಿಂತು, ಎದುರಾಳಿಯಿಂದ ಚೆಂಡು ಕಸಿದು ಮುಂದಿನವರಿಗೆ ದಾಟಿಸುವ ಆಟಗಾರ. ಆದ್ದರಿಂದ ಹಾಕಿ ಉತ್ಸವದ ಸ್ಮರಣ ಸಂಚಿಕೆಗೋ ಕಾಲೇಜಿನ ಪತ್ರಿಕೆಗೋ ಜಿಮ್ ಥಾರ್ಪ್ ಅವರಂತಹ ಅಮೆರಿಕನ್ ಫುಟ್‌ಬಾಲ್ ಆಟಗಾರರ ಕುರಿತು ಬರೆಯುವವರು ಮೊದಲು ಈ ಗೊಂದಲವನ್ನು ಬಿಡಿಸಬೇಕು. ಆ ಆಟದ ಹಾಫ್‌ಬ್ಯಾಕ್ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡುವವನು. ಥಾರ್ಪ್ ಅವರ ಕಾಲದಲ್ಲಂತೂ ಅವನೇ ಚೆಂಡನ್ನು ಎಸೆಯುತ್ತಿದ್ದ, ಒದೆಯುತ್ತಿದ್ದ, ಚೆಂಡು ಎದುರಾಳಿಗಳ ಕೈ ಸೇರಿದಾಗ ಮೈದಾನ ಬಿಡದೆ ಅವರನ್ನು ಕೆಡಹಲು ನಿಲ್ಲುತ್ತಿದ್ದ. ತಾತ, ಮೊಮ್ಮಗ, ಸೊಸೆ ಒಂದೇ ತಂಡದಲ್ಲಿ ನಿಂತು ಅಗತ್ಯ ಬಿದ್ದ ಜಾಗದಲ್ಲಿ ಆಡುವ ಒಕ್ಕದ (ಕೊಡವ ಮನೆತನದ) ಹಾಕಿಯನ್ನು ಕಂಡವರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ.

ನನ್ನ ದೃಷ್ಟಿಯಲ್ಲಿ ಅತಿ ಮುಖ್ಯವಾದ ಕೆಲಸವೆಂದರೆ ಆಯಾ ವರ್ಷದ ನಿಯಮವನ್ನು ಮೊದಲು ತಿಳಿಯುವುದು. 1911ರಲ್ಲಿ ಅಮೆರಿಕದ ಮೂಲನಿವಾಸಿ ವಿದ್ಯಾರ್ಥಿಗಳ ಕಾರ್ಲೈಲ್ ಶಾಲೆಯ ತಂಡ ಹಾರ್ವರ್ಡನ್ನು 18-15ರಿಂದ ಸೋಲಿಸಿದಾಗ ಥಾರ್ಪ್ ನಾಲ್ಕು ಫೀಲ್ಡ್ ಗೋಲ್ ಹೊಡೆದರು, ಅಂದರೆ ಚೆಂಡನ್ನು ಗೋಲ್ ಕಂಬಗಳ ನಡುವೆ ಒದೆದರು. ಒಂದಕ್ಕೆ 3ರಂತೆ 12 ಅಂಕ. ಉಳಿದ 6 ಅಂಕಗಳಲ್ಲಿ ಟಚ್‌ಡೌನ್‌ನ (ಚೆಂಡನ್ನು ಎದುರಾಳಿಯ ಗೋಲ್ ಗೆರೆ ದಾಟಿಸುವುದರ) ಪಾಲು 5, ಅದರ ನಂತರದ ಒದೆತದ್ದು 1. ಟಚ್‌ಡೌನ್‌ಗೆ 6 ಅಂಕ ಸಿಕ್ಕಿದ್ದು 1912ರಿಂದ. ಇಂದಿನ ಲೆಕ್ಕ ಹಿಡಿದು ಕೂಡಿದರೆ ಮೊತ್ತ 19 ಆಗಿ, ಬರೆದವರಿಗೇ ದಾರಿ ತಪ್ಪುತ್ತದೆ.

ಅಂಕಿಅಂಶದ ವಿಷಯದಲ್ಲಿಯೂ ಇದೇ ಎಚ್ಚರ ಬೇಕು. ಅಮೆರಿಕದ ವೃತ್ತಿಪರ ತಂಡಗಳ ರಾಷ್ಟ್ರೀಯ ಫುಟ್‌ಬಾಲ್ ಲೀಗ್ ಆಟಗಾರರ ಅಧಿಕೃತ ಲೆಕ್ಕ ಇಡತೊಡಗಿದ್ದು 1932ರಲ್ಲಿ. ಥಾರ್ಪ್ ಕೊನೆಯ ಪಂದ್ಯ ಆಡಿದ್ದು 1928ರಲ್ಲಿ, ಶಿಕಾಗೋ ಕಾರ್ಡಿನಲ್ಸ್ ಪರವಾಗಿ. ಹಾಗಾಗಿ ಅವರು ಇಷ್ಟು ಗಜ ಓಡಿದರೆಂಬ ಸಂಖ್ಯೆಯ ಬೆನ್ನು ಹತ್ತದೆ, ತಂಡ, ವರ್ಷ ಮತ್ತು ಸಂಭಾವನೆಯನ್ನು ಆಧರಿಸಿ ಬರೆಯಿರಿ. 1915ರಲ್ಲಿ ಓಹಾಯೋದ ಕ್ಯಾಂಟನ್ ಬುಲ್‌ಡಾಗ್ಸ್ ತಂಡ ಅವರಿಗೆ ಪಂದ್ಯಕ್ಕೆ 250 ಡಾಲರ್ ಕೊಟ್ಟಿತು. ಇಷ್ಟು ಕೊಡಲು ತಂಡ ಮುಂದಾಯಿತೆಂಬುದೇ ಅವರನ್ನು ನೋಡಲು ಜನ ಹೇಗೆ ಬರುತ್ತಿದ್ದರೆಂಬುದಕ್ಕೆ ಸಾಕ್ಷಿ. 1920ರಲ್ಲಿ ಹುಟ್ಟಿದ ಈ ಲೀಗ್‌ಗೆ, ಇನ್ನೂ ಆಡುತ್ತಿದ್ದ ಅವರನ್ನೇ ಮೊದಲ ಅಧ್ಯಕ್ಷರನ್ನಾಗಿ ಆರಿಸಲಾಯಿತು. 1922 ಮತ್ತು 1923ರಲ್ಲಿ ಅವರು ಮೂಲನಿವಾಸಿ ಆಟಗಾರರಿಂದಲೇ ಕೂಡಿದ್ದ ಊರಾಂಗ್ ಇಂಡಿಯನ್ಸ್ ತಂಡವನ್ನು ನಡೆಸಿದರು. ನಾಯಿ ಸಾಕಣೆಯ ವ್ಯಾಪಾರಿಯೊಬ್ಬ ತನ್ನ ಪ್ರಚಾರಕ್ಕಾಗಿ ಕಟ್ಟಿದ ತಂಡವದು ಎಂಬ ಸಂಗತಿ ನನ್ನನ್ನು ಈಗಲೂ ನೋಯಿಸುತ್ತದೆ, ಅದನ್ನು ಬಿಡದೆ ಬರೆಯಬೇಕು.

1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ ಥಾರ್ಪ್ ಗೆದ್ದ ಎರಡು ಚಿನ್ನಗಳಿಗೆ ಒಂದು ಪ್ಯಾರಾ ಸಾಕು. ಹಿಂದೆ ಹಣ ಪಡೆದು ಬೇಸ್‌ಬಾಲ್ ಆಡಿದ್ದರೆಂದು 1913ರಲ್ಲಿ ಅವನ್ನು ಕಸಿದದ್ದನ್ನೂ, 2022ರಲ್ಲಿ ಅವರೊಬ್ಬರೇ ವಿಜೇತರೆಂದು ಘೋಷಿಸಿದ್ದನ್ನೂ ಹೇಳಿ ಮುಂದೆ ಸಾಗಿ.

ಅಂದು ಫೀಲ್ಡ್ ಗೋಲ್ ಹೊಡೆಯುವ ಒಂದು ಬಗೆಯಾಗಿದ್ದ ಡ್ರಾಪ್ ಕಿಕ್ ಎಂದರೇನೆಂದು ಮಾತ್ರ ಬಿಡಿಸಿ ಹೇಳಿ. ಚೆಂಡನ್ನು ಕೈಯಿಂದ ನೆಲಕ್ಕೆ ಬಿಟ್ಟು, ಅದು ಪುಟಿಯುವ ಕ್ಷಣದಲ್ಲೇ ಒದೆಯಬೇಕಿತ್ತು. ಅಂದಿನ ಚೆಂಡು ಇಂದಿನದಕ್ಕಿಂತ ದುಂಡಗಿದ್ದುದರಿಂದ ನೇರವಾಗಿ ಪುಟಿದು ಕಾಲಿಗೆ ಸಿಗುತ್ತಿತ್ತು.